ತೊಳೆದರೂ ಹೋಗದ ಪೀಕು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅವಳು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಅವನ ಬಳಿ ಕ್ಷಮೆ ಕೇಳಿದಳು.

“ಸಾರಿ ರೀ. ನನ್ನ ಜೊತೆ ನಿಮ್ಮ ಹೆಸರಿಗೂ ಮಸಿ ಬಳಿದುಬಿಟ್ಟೆ.”

ಅವನು ಕಂಪ್ಯೂಟರಿನಿಂದ ತಿರುಗಿದ. ತಮಾಷೆ ಮಾಡಲೆಂದು ಬಾಯಿ ಅರ್ಧ ತೆರೆದಿದ್ದವನು ಅವಳ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದ. ಆರು ವರ್ಷ ಪ್ರಯೋಗಾಲಯದಲ್ಲಿ ಕಳೆದವರ ಮುಖ ನಿದ್ದೆಗೆಟ್ಟಿರುವುದು ಹೊಸದೇನಲ್ಲ. ಆದರೆ ಇದು ನಿದ್ದೆಗೆಟ್ಟ ಮುಖವಲ್ಲ, ಆಸೆ ಬಿಟ್ಟ ಮುಖ.

ಅವನು ಆ ಸಂಶೋಧನಾ ಕಟ್ಟಡದ ನೆಲಮಾಳಿಗೆಯಲ್ಲಿ ಎಕ್ಸ್-ರೇ ಯಂತ್ರ ನೋಡಿಕೊಳ್ಳುವವನು. ಮೇಲಿನ ನಾಲ್ಕು ಮಹಡಿಯವರು ಹೊಸ ವಸ್ತು ತಯಾರಿಸಿ, ಅದನ್ನು ಹರಳಾಗಿ ಬೆಳೆಸಿ ತಂದುಕೊಟ್ಟರೆ, ಅದರೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಹೇಳುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಹರಳಣ್ಣ’. ಮೂರನೇ ಮಹಡಿಯಲ್ಲಿ ಇರಿಡಿಯಂ ಲೋಹಕ್ಕೆ ಕಾರ್ಬೀನ್ ಎಂಬ ಇಂಗಾಲದ ಉಂಗುರ ತೊಡಿಸುವುದರಲ್ಲೇ ಆಯುಸ್ಸು ಕಳೆಯುತ್ತಿದ್ದ ಅವಳು ‘ಕಾರ್ಬೀನಕ್ಕ’. ಅವನು ಅಣ್ಣ, ಅವಳು ಅಕ್ಕ. ಇಡೀ ಕಟ್ಟಡ ಸೇರಿ ಅವನ ಪ್ರೇಮಕ್ಕೆ ಅಡ್ಡಲಾಗಿ ಎಬ್ಬಿಸಿದ ಒಡಹುಟ್ಟಿದವರ ಗೋಡೆ ಅದು.

ಅವಳೊಬ್ಬಳು ಮಾತ್ರ ಅವನನ್ನು ಅಣ್ಣ ಅಂದವಳಲ್ಲ. ‘ರೀ’ ಅನ್ನುತ್ತಿದ್ದಳು. ಕಟ್ಟಿಕೊಂಡವರು ಕರೆಯುವ ‘ರೀ’ ಅಲ್ಲ, ಬಸ್ಸಿನಲ್ಲಿ ಕಾಲು ತುಳಿದವರನ್ನು ಕರೆಯುವ ‘ರೀ’. ಆದರೂ ಕೇಳಿದಾಗಲೆಲ್ಲ ಅವನ ಕಿವಿ ಅದನ್ನು ಮೊದಲನೆಯದೇ ಎಂದು ದಾಖಲಿಸಿಕೊಳ್ಳುತ್ತಿತ್ತು. ಕಿವಿಯ ಮೇಲೆ ಯಾರ ಹಿಡಿತವಿದೆ?

“ಏನಾಯ್ತು? ಕೂತ್ಕೊಂಡು ಹೇಳಿ,” ಎಂದ.

ಅವಳು ಕೂರಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಕೀಬೋರ್ಡಿನ ಮೇಲೆ ಹರವಿದಳು. ವಸ್ತುವಿನೊಳಗಿನ ಹೈಡ್ರೋಜನ್‌ಗಳನ್ನು ಗುರುತಿಸುವ ಎನ್ಎಂಆರ್ ಯಂತ್ರ ಬರೆದ ಗೆರೆ. ಉದ್ದಕ್ಕೂ ಏರಿಳಿದ ಶಿಖರಗಳು, ಅವರ ಮಾತಲ್ಲಿ ಪೀಕುಗಳು. ಅವುಗಳಲ್ಲಿ ಒಂದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. ಒಂದಲ್ಲ, ಕಾಗದ ಹರಿಯುವಷ್ಟು ಸುತ್ತು.

“ಎಂಟು ಪಾಯಿಂಟ್ ನಾಲ್ಕು. ಇಲ್ಲಿ ಏನೂ ಇರಬಾರದು. ಉಂಗುರದಲ್ಲಿ ಎರಡು ಸಾರಜನಕದ ಮಧ್ಯೆ ಇರೋ ಇಂಗಾಲದ ಹೈಡ್ರೋಜನ್ ಇದು. ಲೋಹ ಬಂದು ಆ ಇಂಗಾಲಾನ ಹಿಡೀಬೇಕಾದ್ರೆ ಇದು ಜಾಗ ಖಾಲಿ ಮಾಡಿರಬೇಕು. ಇನ್ನೂ ಇದೆ ಅಂದ್ರೆ ಕಚ್ಚಾ ಉಪ್ಪು ಉಳಿದಿದೆ. ಉಪ್ಪೋ, ಉಪ್ಪಿನ ದಾಯಾದಿಯೋ, ಯಾವುದೋ ಒಂದು ಕಸ. ಐದು ತಿಂಗಳು ರೀ. ಹತ್ತೊಂಬತ್ತು ಬ್ಯಾಚು. ಕಾಲಂನಲ್ಲಿ ಸೋಸಿದೆ, ತೊಳೆದೆ, ಮತ್ತೆ ಹರಳು ಮಾಡಿದೆ, ಮತ್ತೆ ತೊಳೆದೆ. ಪ್ರತಿ ಸಲ ನನ್ನ ವಸ್ತು ಕಮ್ಮಿ ಆಗುತ್ತೆ. ಈ ಪೀಕು ಮಾತ್ರ ಅಲ್ಲಾಡಲ್ಲ.”

ಅವನು ಹಾಳೆ ನೋಡಿದ. ಸುತ್ತಿನೊಳಗಿನ ಪೀಕಿನ ಮೇಲೇ ಕಣ್ಣು ನಿಂತಿತು.

“ಬೇರೆ ಇಂಗಾಲದಿಂದ ಹಿಡಿದಿರಬಹುದಾ ಅಂತ ಒಂದು ಸಲ ತಲೆಗೆ ಬಂತು,” ಅವಳು ಮುಂದುವರಿಸಿದಳು. “ಆದ್ರೆ ನಿಮ್ಮ ಎಕ್ಸ್-ರೇ ಚಿತ್ರ ಇದೆಯಲ್ಲ. ಹರಳು ಸುಳ್ಳು ಹೇಳುತ್ತಾ? ಅಂದ್ರೆ ಅವತ್ತು ನೀವು ಆರಿಸಿಕೊಂಡ ಆ ಒಂದೇ ಒಂದು ಹರಳು ಸರಿ ಇತ್ತು. ಉಳಿದ ರಾಶಿ ಎಲ್ಲ ನನ್ನ ಕೈಗುಣ. ಗೈಡ್ ಮೇಡಂಗೂ ಅದೇ ಅನಿಸಿದೆ. ‘ತನ್ನ ಕೆಲಸ ತನಗೇ ಇನ್ನೊಂದು ಸಲ ಮಾಡಕ್ಕಾಗಲ್ಲ ಅನ್ನೋರ ಥೀಸಿಸ್‌ಗೆ ನಾನು ಹೇಗೆ ಸಹಿ ಹಾಕಲಿ’ ಅಂದ್ರು. ತಪ್ಪೇನಿಲ್ಲ.”

“ಶುಕ್ರವಾರ ತಾನೇ ಕೊನೇ ದಿನ?”

“ಶುಕ್ರವಾರ ಐದು ಗಂಟೆಗೆ ನನ್ನ ರಿಜಿಸ್ಟ್ರೇಷನ್ ಸಾಯುತ್ತೆ. ನಾನು ಅಲ್ಲಿವರೆಗೂ ಕಾಯಲ್ಲ. ಬಿಟ್ಟುಬಿಡ್ತೀನಿ ಅನ್ನೋ ಫಾರಂ ತುಂಬಿ ಇಟ್ಟಿದ್ದೀನಿ.” ಅವಳು ಹಾಳೆ ಮಡಚಿದಳು. “ನಿಮಗೆ ಮೊದಲೇ ಹೇಳೋಣ ಅಂತ ಬಂದೆ. ಪೇಪರಲ್ಲಿ ನಿಮ್ಮ ಹೆಸರೂ ಇದೆಯಲ್ಲ. ನಾಳೆ ಯಾರಾದ್ರೂ ಇದನ್ನ ಮಾಡಕ್ಕೆ ಹೋಗಿ, ಆಗದೇ, ನಿಮ್ಮನ್ನ ಬೈದ್ರೆ, ಆ ಬೈಗುಳ ನಂದು. ನನಗೆ ಕಳಿಸಿಬಿಡಿ.”

ಅವಳು ನಗಲು ನೋಡಿದಳು. ನಗು ಬರಲಿಲ್ಲ, ಮೂಗು ಸೋರಿತು. ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಅವನು ಕೂತಲ್ಲೇ ಕೂತ. ಎಂಟು ಪಾಯಿಂಟ್ ನಾಲ್ಕರ ಆ ಹೈಡ್ರೋಜನ್ ಯಾರೆಂದು ಅವನಿಗೆ ಗೊತ್ತಾಗಿಹೋಗಿತ್ತು.

*

ಹದಿನಾಲ್ಕು ತಿಂಗಳ ಹಿಂದೆ ಅವಳು ಮೊದಲ ಸಲ ಆ ಮೆಟ್ಟಿಲಿಳಿದ ರೀತಿ ಅವನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಗೈಗಳ ಬೊಗಸೆಯಲ್ಲಿ ಒಂದು ಪುಟ್ಟ ಗಾಜಿನ ಶೀಶೆ. ತುಂಬಿದ ಕೊಡ ಹೊತ್ತವಳಂತೆ ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ಬಿಟ್ಟು, ಮುಂದಿನದಕ್ಕೆ ಕಾಲಿಡುತ್ತಿದ್ದಳು. ಶೀಶೆಯ ತಳದಲ್ಲಿ ತೆಳು ಹಳದಿಯ ಹರಳುಗಳು.

“ದ್ರಾವಣದಿಂದ ಹೊರಗೆ ತೆಗೀಬೇಡಿ, ಸಿಡಿದುಹೋಗುತ್ತೆ,” ಅಂದಿದ್ದಳು. “ಇರಿಡಿಯಂ ಅಂತ ಹೆಸರಲ್ಲೇ ‘ಇರಿ’ ಅಂತಿದೆ. ಇರೋದು ಮಾತ್ರ ಇಲ್ಲ.”

“ಇರಿ ಅಂದ್ರೆ ಚುಚ್ಚೋದು ಅಂತಾನೂ ಇದೆಯಲ್ರೀ.”

“ಹಾಗಾದ್ರೆ ಸರಿಯಾದ ಹೆಸರೇ.”

ಸೂಕ್ಷ್ಮದರ್ಶಕಕ್ಕೆ ಎರಡು ಕಣ್ಣುತೂತು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವಳು. ಹಾಗೆ ನೋಡುವ ಪದ್ಧತಿ ಯಾವ ಕೈಪಿಡಿಯಲ್ಲೂ ಇಲ್ಲ. ಆದರೆ ಅವಳು ತಲೆ ತೂರಿಸಿದ ಮೇಲೆ ಕೈಪಿಡಿ ಓದಿ ಹೇಳುವಷ್ಟು ಮೂರ್ಖ ಅವನಲ್ಲ. ಎಣ್ಣೆಯ ಹನಿಯಲ್ಲಿ ಹರಳನ್ನು ಅದ್ದಿ, ಕೂದಲಿಗಿಂತ ಸಣ್ಣ ಕುಣಿಕೆಯಲ್ಲಿ ಎತ್ತುವಾಗ ಅವನು ಜೀವಮಾನದಲ್ಲಿ ಮೊದಲ ಬಾರಿ ಗುರಿ ತಪ್ಪಿದ. ಅವಳ ರೆಪ್ಪೆ ಅವನ ಕೆನ್ನೆಯಿಂದ ಎರಡು ಬೆರಳು ದೂರದಲ್ಲಿ ಬಡಿಯುತ್ತಿತ್ತು.

“ಕಾರ್ಬೀನ್ ಅಂದ್ರೆ ಏನು ಗೊತ್ತಾ?” ಯಂತ್ರ ಅಳೆಯುತ್ತಿದ್ದಾಗ ಅವಳು ಕೇಳಿದ್ದಳು. “ನಾಲ್ಕು ಕೈ ಇರಬೇಕಾದ ಇಂಗಾಲ, ಎರಡೇ ಕೈ ಚಾಚಿಕೊಂಡು ನಿಂತಿರುತ್ತೆ. ಮಿಕ್ಕಿದ್ದು ಒಂದು ಒಂಟಿ ಜೋಡಿ.”

“ಒಂಟಿ ಅಂದಮೇಲೆ ಜೋಡಿ ಹೇಗೆ?”

“ಕ್ಯಾಂಟೀನಲ್ಲಿ ಎದುರುಬದುರು ಕೂತು ಇಬ್ಬರೂ ಫೋನ್ ನೋಡ್ಕೊಂಡು ತಿನ್ನೋ ಗಂಡ-ಹೆಂಡ್ತೀನ ನೋಡಿಲ್ವಾ? ಅದು.”

ಅವನು ನಕ್ಕ. ಅವಳನ್ನು ನಗಿಸಲು ಅವಳ ಗೈಡ್ ಮೇಡಂ ಅವರನ್ನು ಅನುಕರಿಸಿ ತೋರಿಸಿದ. ಕನ್ನಡಕ ಮೂಗಿನ ತುದಿಗಿಳಿಸಿ, ಮುಖದಲ್ಲಿ ಒಂದು ಸ್ನಾಯುವನ್ನೂ ಅಲುಗಿಸದೆ: “ಹೌದಾ. ಸಂತೋಷ.” ಪ್ರಯೋಗಾಲಯಕ್ಕೆ ಬೆಂಕಿ ಬಿದ್ದರೂ, ಬಹುಮಾನ ಬಂದರೂ ಮೇಡಂ ಹೇಳುವುದು ಅಷ್ಟೇ. ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಾ ಬಾಯಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಅವನನ್ನೇ ನೋಡಿದಳು. ಅಷ್ಟು ಸಾಕಾಯಿತು. ಅವನು ಅವತ್ತೇ ಮನಸೋತ.

ಸಂಜೆ ನಾಲ್ಕಕ್ಕೆ ಚಿತ್ರ ಬಂತು. ನಡುವೆ ಇರಿಡಿಯಂ, ದೊಡ್ಡ ಮುದ್ದೆ. ಪಕ್ಕದಲ್ಲಿ ಐದು ಪರಮಾಣುಗಳ ಉಂಗುರ, ಮೂರು ಇಂಗಾಲ, ಎರಡು ಸಾರಜನಕ. ಎಕ್ಸ್-ರೇ ಕಣ್ಣಿಗೆ ಕಾಣುವುದು ಎಲೆಕ್ಟ್ರಾನುಗಳು ಮಾತ್ರ. ಇಂಗಾಲಕ್ಕೆ ಆರು, ಸಾರಜನಕಕ್ಕೆ ಏಳು. ಎಪ್ಪತ್ತೇಳು ಎಲೆಕ್ಟ್ರಾನಿನ ಇರಿಡಿಯಂ ಪಕ್ಕದಲ್ಲಿ ಕೂತಾಗ ಆ ಒಂದರ ವ್ಯತ್ಯಾಸ, ಕಲ್ಯಾಣಮಂಟಪದ ದೀಪಗಳ ನಡುವೆ ಹಚ್ಚಿದ ಬೆಂಕಿಕಡ್ಡಿ. ಹಾಗಾಗಿ ಯಾವ ಚುಕ್ಕೆ ಇಂಗಾಲ, ಯಾವುದು ಸಾರಜನಕ ಎಂದು ಹೆಸರಿಡುವುದು ಯಂತ್ರವಲ್ಲ. ಕೂತ ಮನುಷ್ಯ.

ಅವಳ ಉಂಗುರದಲ್ಲಿ ಹೆಸರಿಡಲು ತೊಡಕಿದ್ದದ್ದು ಅಕ್ಕಪಕ್ಕದ ಎರಡೇ ಎರಡು ಚುಕ್ಕೆಗೆ. ಇಬ್ಬರಿಗೂ ಒಂದೊಂದು ಮಿಥೈಲ್ ಬಾಲ, ಅವಳಿಗಳಂತೆ. ಇದು ಸಾರಜನಕ, ಅದು ಇಂಗಾಲ ಅಂದರೆ, ಲೋಹ ಹಿಡಿದದ್ದು ಅವಳು ಐದು ವರ್ಷದಿಂದ ಬಯಸಿದ ಇಂಗಾಲವನ್ನು. ಅದಲುಬದಲು ಮಾಡಿದರೆ, ಲೋಹ ಹಿಂಬಾಗಿಲಿನಿಂದ ಬಂದು ಬೇರೆ ಇಂಗಾಲವನ್ನು ಹಿಡಿದಿದೆ. ಅಂಥದ್ದಕ್ಕೆ ಅವರ ಶಾಸ್ತ್ರದಲ್ಲಿ ‘ಅಬ್‌ನಾರ್ಮಲ್’ ಎಂದೇ ಹೆಸರು.

ಅವಳು ಬಯಸಿದ ಹಾಗೆ ಹೆಸರಿಟ್ಟು ನೋಡಿದ. ಎರಡರಲ್ಲಿ ಒಂದು ಚುಕ್ಕೆ ಊದಿಕೊಂಡಿತು, ಇನ್ನೊಂದು ಸೊರಗಿತು. ಅನುಭವಸ್ಥನ ಕಣ್ಣಿಗೆ ಅದರರ್ಥ ಒಂದೇ: ಹೆಸರು ಅದಲುಬದಲಾಗಿದೆ. ಬದಲಿಸಿ ನೋಡು.

ಅವನ ಬೆರಳು ಮೌಸಿನ ಮೇಲಿತ್ತು. ಆಗಲೇ ಅವಳು ಹಿಂದಿನಿಂದ ಬಗ್ಗಿ, “ಅದೇ ಅಲ್ವಾ? ರೀ, ಅದೇ ಅಲ್ವಾ!” ಅಂದು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು. “ಐದು ವರ್ಷ. ಸಿಕ್ಕಿಬಿಡ್ತು.”

“ಅದೇ,” ಎಂದುಬಿಟ್ಟ ಅವನು.

ನಾಳೆ ಸರಿಮಾಡಿ ನೋಡೋಣ ಅಂದುಕೊಂಡ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ಫೋನ್ ಮಾಡಿ “ಹೌದಾ. ಸಂತೋಷ” ಅಂದರು. ನಾಡಿದ್ದು ಅವಳು ಬಿಸ್ಕತ್ತಿನ ಡಬ್ಬಿ ತಂದಳು. ಆರು ತಿಂಗಳಿಗೆ ಪೇಪರು ಅಚ್ಚಾಯಿತು. ಅವಳ ಹೆಸರಿನ ಪಕ್ಕದಲ್ಲಿ ಅಲ್ಪವಿರಾಮ, ಅದರ ಪಕ್ಕದಲ್ಲಿ ಅವನ ಹೆಸರು. ಆ ಅಲ್ಪವಿರಾಮವನ್ನು ಅವನು ಎಷ್ಟು ಸಲ ನೋಡಿದನೋ. ಇಬ್ಬರ ನಡುವೆ ಉಳಿದದ್ದು ಅಷ್ಟೇ ಜಾಗ ಎಂಬಂತೆ.

ಊದಿದ ಚುಕ್ಕೆ, ಸೊರಗಿದ ಚುಕ್ಕೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇದ್ದವು. ಹರಳು ಸ್ವಲ್ಪ ಸೀಳಿತ್ತು, ಅಳತೆ ಸ್ವಲ್ಪ ಒರಟಾಗಿತ್ತು, ಇದ್ದರೂ ಇರಬಹುದು ಎಂದು ಅವುಗಳ ಮೇಲೆ ಬಟ್ಟೆ ಮುಚ್ಚಿದ್ದ. ಅವಳ ಎನ್ಎಂಆರ್ ಹಾಳೆಯನ್ನು ಅವನು ನೋಡಿದ್ದು ಈ ಸೋಮವಾರವೇ ಮೊದಲು.

*

ಅವಳು ಹೋದ ಹತ್ತು ನಿಮಿಷಕ್ಕೆ ಹಳೆಯ ಫೈಲು ತೆಗೆದ. ಎರಡು ಚುಕ್ಕೆಗಳ ಹೆಸರು ಅದಲುಬದಲು ಮಾಡಿ ಲೆಕ್ಕ ಓಡಿಸಿದ. ಊದಿದ್ದು ಇಳಿಯಿತು, ಸೊರಗಿದ್ದು ತುಂಬಿಕೊಂಡಿತು. ಎರಡೂ ಒಂದೇ ಗಾತ್ರ, ಒಂದೇ ಆಕಾರ, ಶಾಲೆಗೆ ಹೊರಟ ಮಕ್ಕಳ ಹಾಗೆ ಶಿಸ್ತಾಗಿ ನಿಂತವು. ತಪ್ಪಿನ ಅಂಕಿ ನಾಲ್ಕು ಪಾಯಿಂಟ್ ಒಂದರಿಂದ ಮೂರು ಪಾಯಿಂಟ್ ಆರಕ್ಕೆ ಬಿತ್ತು.

ಕಸ ಅಂತ ಅವಳು ಐದು ತಿಂಗಳು ತೊಳೆದದ್ದು ಕಸವಲ್ಲ. ಅವಳ ವಸ್ತುವೇ. ಲೋಹ ಬೇರೆ ಇಂಗಾಲವನ್ನು ಹಿಡಿದಿದ್ದರಿಂದ ಆ ಹೈಡ್ರೋಜನ್ ತನ್ನ ಜಾಗದಲ್ಲೇ ಹಾಯಾಗಿ ಕೂತಿತ್ತು. ಹತ್ತೊಂಬತ್ತು ಬ್ಯಾಚೂ ಶುದ್ಧ. ಅವಳ ಕೈಯಲ್ಲಿ ದೋಷ ಇರಲೇ ಇಲ್ಲ. ದೋಷ ಇದ್ದದ್ದು ನೆಲಮಾಳಿಗೆಯಲ್ಲಿ.

ಹೇಳಿದರೆ ಅವಳು ಉಳಿಯುತ್ತಾಳೆ. ಹೇಳಿದರೆ ಅವನಿಗೆ ಉಳಿಯುವುದಿಲ್ಲ.

ಮಂಗಳವಾರ ಮೂರನೇ ಮಹಡಿಗೆ ಹೋದ. ಅವಳು ಸಿಂಕಿನ ಮುಂದೆ ಫ್ಲಾಸ್ಕು ಉಜ್ಜುತ್ತಿದ್ದಳು. “ಏನ್ರೀ?” ಅಂದಳು. “ಏನಿಲ್ಲ, ಟಿಶ್ಯೂ ಪೇಪರ್ ಇದೆಯಾ ಅಂತ,” ಅಂದ. ಒಂದು ಇಡೀ ಡಬ್ಬಿ ಕೊಟ್ಟಳು. ಹಿಡಿದುಕೊಂಡು ಕೆಳಗಿಳಿದ. ಬುಧವಾರ ಮತ್ತೆ ಹತ್ತಿದ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅವಳೇ, “ಒಂದು ಸಲ ಮೇಡಂ ಥರ ಮಾತಾಡ್ರೀ, ನಕ್ಕು ಬಹಳ ದಿನ ಆಯ್ತು,” ಅಂದಳು. ಮಾಡಿದ. ಅವಳು ನಕ್ಕಳು. ನಗು ಮುಗಿದಾಗ ಅವನ ಮಾತು ಎಲ್ಲಿಗೋ ಹೋಗಿತ್ತು. ಯಾರ ದನಿ ಬೇಕಾದರೂ ಬರುತ್ತಿತ್ತು ಅವನಿಗೆ. ತನ್ನದೊಂದು ಬಿಟ್ಟು.

ಗುರುವಾರ ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಅಕ್ಕನಿಗೆ ಎಲ್ಲ ಹೇಳಿದ. ಅವನ ಸ್ವಂತ ಅಕ್ಕ; ನಾಲ್ಕನೇ ಕ್ಲಾಸಿನ ಟೀಚರು; ಅವನು ಇದ್ದದ್ದು ಅವಳ ಮನೆಯ ಹಿಂದಿನ ಕೋಣೆಯಲ್ಲಿ. ಅವಳು ಸೀರೆ ನೆರಿಗೆ ಹಿಡಿಯುತ್ತಲೇ ಕೇಳಿಸಿಕೊಂಡಳು.

“ಅಂದ್ರೆ ಪರೀಕ್ಷೆಯಲ್ಲಿ ತಪ್ಪು ಬರೆದ ಮಗೂಗೆ ಅಳುತ್ತೆ ಅಂತ ರೈಟ್ ಹಾಕಿದೆ.”

“ಹೂಂ.”

“ಯಾಕೋ?”

“ಅವಳ ಕಣ್ಣಲ್ಲಿ ನೀರು ನೋಡಕ್ಕಾಗಲ್ಲ ನನಗೆ.”

“ಸೋಮವಾರದಿಂದ ದಿನಾ ನೋಡ್ತಿದ್ದೀಯಲ್ಲೋ. ಈಗ ಆಗುತ್ತಾ?”

ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

“ಹೇಳಿದ್ರೆ ನನ್ನ ಮುಖ ಕೂಡ ನೋಡಲ್ಲ ಅಕ್ಕಾ.”

“ನೋಡದಿದ್ರೆ ಬೇಡ ಬಿಡು. ನಿನ್ನ ಮುಖದಲ್ಲಿ ಅಂಥದ್ದೇನಿದೆ?” ಅಕ್ಕ ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು, ದನಿ ಇಳಿಸಿ ಅಂದಳು: “ಅವಳು ತನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಮನೆಗೆ ಹೋಗ್ತಾಳೆ ಕಣೋ. ಜೀವನಪೂರ್ತಿ ಹಾಗೇ ಅಂದ್ಕೋತಾಳೆ. ಎದ್ದು ಹೋಗು.”

*

ಅವನು ಮೂರನೇ ಮಹಡಿ ತಲುಪಿದಾಗ ಅವಳು ಗ್ಲವ್ ಬಾಕ್ಸಿನ ಮುಂದೆ ನಿಂತಿದ್ದಳು. ಗಾಳಿ ಸೋಕದ ದೊಡ್ಡ ಗಾಜಿನ ಪೆಟ್ಟಿಗೆ ಅದು. ಮುಂದಿನಿಂದ ಎರಡು ಉದ್ದ ರಬ್ಬರ್ ಕೈಗವಸುಗಳು ಒಳಕ್ಕೆ ಚಾಚಿರುತ್ತವೆ. ಅವಳ ಎರಡೂ ತೋಳು ಭುಜದವರೆಗೆ ಅದರೊಳಗಿದ್ದವು. ಬೆನ್ನು ಇವನ ಕಡೆ, ಮುಖ ಗಾಜಿನ ಕಡೆ. ಒಳಗೆ ಸಾಲಾಗಿ ಹತ್ತೊಂಬತ್ತು ಶೀಶೆಗಳು ಮುಚ್ಚಳ ತೆಗೆದು ನಿಂತಿದ್ದವು. ಒಂದು ದೊಡ್ಡ ಬಾಟಲಿಗೆ ಕಸದ ಚೀಟಿ ಅಂಟಿಸಿತ್ತು.

“ಏನ್ ಮಾಡ್ತಿದ್ದೀರಿ?”

“ಮನೆ ಖಾಲಿ ಮಾಡೋರು ಏನ್ ಮಾಡ್ತಾರೆ? ಗುಡಿಸ್ತಿದ್ದೀನಿ,” ಎಂದಳು ತಿರುಗದೆ. ಮೊದಲ ಶೀಶೆಯನ್ನು ಬಾಟಲಿಯ ಬಾಯಿಗೆ ಎತ್ತಿದಳು.

“ಚೆಲ್ಲಬೇಡಿ!”

ಅವನ ದನಿಗೆ ಅವನೇ ಬೆಚ್ಚಿದ. ಶೀಶೆ ಗಾಳಿಯಲ್ಲಿ ನಿಂತಿತು.

“ಅದು ಕಸ ಅಲ್ಲ. ಅದು ಶುದ್ಧವಾಗಿದೆ. ಎಲ್ಲ ಹತ್ತೊಂಬತ್ತೂ.” ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. “ಲೋಹ ಬೇರೆ ಇಂಗಾಲಾನ ಹಿಡಿದಿದೆ. ಆ ಪೀಕು ನಿಮ್ಮ ವಸ್ತುವಿಂದೇ. ನೀವು ಅಂದ್ಕೊಂಡಿದ್ದು ಸರಿ ಇತ್ತು. ನನ್ನ ಚಿತ್ರ ತಪ್ಪು. ನಾನು ಎರಡು ಪರಮಾಣೂಗೆ ಹೆಸರು ತಿರುವುಮುರುವು ಇಟ್ಟೆ.”

ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಕಣ್ಣು ಮಿಟುಕಿಸಲಿಲ್ಲ.

“ಯಾವಾಗ ಗೊತ್ತಾಯ್ತು?”

ಸೋಮವಾರ ಅನ್ನಬಹುದಿತ್ತು. ಅರ್ಧ ಸತ್ಯ. ನಾಲಿಗೆಯ ತುದಿಯಲ್ಲೇ ಇತ್ತು.

“ಖಾತ್ರಿ ಆಗಿದ್ದು ಸೋಮವಾರ. ಅನುಮಾನ ಬಂದಿದ್ದು ಮೊದಲನೇ ದಿನಾನೇ. ನೀವು ನನ್ನ ತೋಳು ಹಿಡಿದಿದ್ರಿ. ಒಂದು ಚುಕ್ಕೆ ಊದಿತ್ತು. ಅದಲುಬದಲು ಮಾಡಿ ನೋಡಬೇಕಿತ್ತು. ಮಾಡಿದ್ರೆ ನೀವು ಕೈ ಬಿಡ್ತೀರಿ ಅಂತ ಮಾಡಲಿಲ್ಲ.”

“ಕೈ ಬಿಡ್ತೀನಿ ಅಂತ.”

“ನಿಮ್ಮನ್ನ ಪ್ರೀತಿಸ್ತಿದ್ದೆ. ಈಗಲೂ. ಇದು ನೆಪ ಅಲ್ಲ. ಕಾರಣ ಕೇಳಿದ್ರೆ ಇರೋ ಕಾರಣ ಇದೊಂದೇ.”

ಎಷ್ಟೋ ಸಲ ಎಷ್ಟೋ ಚೆಂದವಾಗಿ ಹೇಳಬೇಕೆಂದು ಕನಸು ಕಂಡಿದ್ದ ಮಾತು. ಬೆವರುತ್ತಾ, ಅಪರಾಧಿಯ ಹೇಳಿಕೆಯ ಕೊನೇ ಸಾಲಿನ ಹಾಗೆ ಹೊರಬಿತ್ತು.

ಅವಳು ಶೀಶೆಯನ್ನು ಸಾಲಿನಲ್ಲಿ ವಾಪಸ್ಸು ಇಟ್ಟಳು. ಮುಚ್ಚಳ ತಿರುಗಿಸಿದಳು. ಎರಡನೆಯದಕ್ಕೂ, ಮೂರನೆಯದಕ್ಕೂ. ಹತ್ತೊಂಬತ್ತಕ್ಕೂ ಮುಚ್ಚಳ ಹಾಕಿದಳು. ದಪ್ಪ ರಬ್ಬರಿನ ಬೆರಳುಗಳಿಗೆ ಪುಟ್ಟ ಮುಚ್ಚಳ ಬೇಗ ಸಿಗುವುದಿಲ್ಲ. ಅವನು ನಿಂತೇ ಇದ್ದ. ಆಮೇಲೆ ತೋಳುಗಳನ್ನು ಹೊರಗೆಳೆದುಕೊಂಡು ತಿರುಗಿದಳು.

“ನೀನು,” ಎಂದಳು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. “ನೀನು ನನಗೆ ಏನು ಮಾಡಿದೀಯ ಗೊತ್ತಾ? ನಾನು ನನ್ನ ಕೈನ ದ್ವೇಷಿಸಕ್ಕೆ ಶುರು ಮಾಡಿದ್ದೆ. ಚಮಚ ಕೈಯಿಂದ ಬಿದ್ರೂ, ನೋಡು, ಇದೇ ಕೈ ಅಂತ. ಅಮ್ಮ ಫೋನಲ್ಲಿ ‘ಮುಗೀತಾ ಮಗಾ’ ಅಂದ್ರೆ ಕಟ್ ಮಾಡ್ತಿದ್ದೆ. ಐದು ತಿಂಗಳು! ನೀನು ಕೆಳಗೆ ಕೂತು ಮೇಡಂ ಥರ ಮಾತಾಡ್ತಿದ್ದೆ!”

“ಹೌದು.”

“ಹೌದು ಅನ್ನಬೇಡ! ಏನಾದ್ರೂ ವಾದ ಮಾಡು!”

“ವಾದ ಇಲ್ಲ.”

ಅವಳು ಕೈಗೆ ಸಿಕ್ಕ ಟಿಶ್ಯೂ ಡಬ್ಬಿ ಎತ್ತಿ ಅವನ ಎದೆಗೆ ಎಸೆದಳು. ಅದು ಮೆತ್ತಗೆ ತಾಗಿ ಬಿತ್ತು. ಇನ್ನೂ ಭಾರದ್ದೇನಾದರೂ ಇದ್ದರೆ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನ್ನಿಸಿತು.

“ನಿನ್ನ ಹೊಸ ಚಿತ್ರಾನೂ ನಾನು ನಂಬಲ್ಲ,” ಎಂದಳು. “ನಾನು ಬಿಟ್ಟು ಹೋಗಬಾರದು ಅಂತ ಈಗ ಇದನ್ನ ಬರೆದಿದ್ದೀಯೋ ಏನೋ.”

ಬಾಣ ನಾಟಿತು. ನ್ಯಾಯವಾದ ಬಾಣ.

“ನಂಬಬೇಡಿ. ನೀವೇ ನೋಡಿ. ನಾನು ಹತ್ತಿರಾನೂ ಬರಲ್ಲ.”

*

ಎನ್ಎಂಆರ್ ಯಂತ್ರದಲ್ಲಿ ಒಂದು ಪರೀಕ್ಷೆ ಇದೆ. ಒಂದು ಹೈಡ್ರೋಜನ್ನನ್ನು ತಟ್ಟಿ ಎಬ್ಬಿಸಿದರೆ ಅದರ ನೆರೆಮನೆಯವರೂ ಎಚ್ಚರಗೊಳ್ಳುತ್ತಾರೆ. ಯಾರ ಪಕ್ಕ ಯಾರ ಮನೆ ಎಂದು ಗೊತ್ತಾಗುತ್ತದೆ. ಅವಳು ಹತ್ತೊಂಬತ್ತನೇ ಬ್ಯಾಚನ್ನು ಕೊಳವೆಗೆ ತುಂಬಿ ಯಂತ್ರದೊಳಗೆ ಇಳಿಸಿದಳು. ಅವನು ಹೊರಗೆ, ಕಾರಿಡಾರಿನ ಆ ತುದಿಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ ಕೂತ. ಬಂದುಹೋಗುವವರು ‘ಏನ್ ಹರಳಣ್ಣ, ಇಲ್ಲಿ?’ ಅಂದರು. ‘ಬೆಂಕಿ ಬಿದ್ದಿದೆ’ ಅಂದ. ತಮಾಷೆ ಅಂದುಕೊಂಡು ನಕ್ಕು ಹೋದರು.

ಎರಡು ಗಂಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವವರಿಗಾದರೂ ದೇವರ ಹತ್ತಿರ ಬೇಡಿಕೊಳ್ಳಲು ಒಂದು ಸ್ಪಷ್ಟವಾದ ವಿಷಯ ಇರುತ್ತದೆ. ಅವನು ತನ್ನ ಹಳೆಯ ಚಿತ್ರವೇ ತಪ್ಪು ಎಂದು ಸಾಬೀತಾಗಲಿ ಎಂದು ಬೇಡಿಕೊಳ್ಳಬೇಕಿತ್ತು. ಬೇಡಿಕೊಂಡ.

ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಹೊಸ ಹಾಳೆ.

“ಎಂಟು ಪಾಯಿಂಟ್ ನಾಲ್ಕನ್ನ ತಟ್ಟಿದೆ,” ಅವಳ ದನಿ ಒಣಗಿತ್ತು. “ಎರಡೂ ಪಕ್ಕದಲ್ಲಿ ಸಾರಜನಕದ ಮೇಲಿನ ಗುಂಪುಗಳು ಎದ್ದವು. ಎರಡು ಸಾರಜನಕದ ಮಧ್ಯೇನೇ ಕೂತಿದೆ ಅದು. ಎಲ್ಲೂ ಹೋಗಿಲ್ಲ.” ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. “ಶುದ್ಧವಾಗಿತ್ತು ಕಣೋ. ಮೊದಲನೇ ಬ್ಯಾಚಿಂದಾನೂ.”

ಆಮೇಲೆ ಅತ್ತಳು. ಮುಖ ಮುಚ್ಚಿಕೊಳ್ಳದೆ, ಶಬ್ದ ಮಾಡಿ, ಕಾರಿಡಾರಿನಲ್ಲಿ ಎಲ್ಲರೂ ನೋಡುವಂತೆ ಅತ್ತಳು. ಅವನು ಎದ್ದು ಹೋಗಲಿಲ್ಲ, ಹತ್ತಿರವೂ ಸರಿಯಲಿಲ್ಲ. ಆ ಕಣ್ಣೀರನ್ನು ನಿಲ್ಲಿಸಲು ಒಂದು ಮಾತನ್ನೂ ಆಡಲಿಲ್ಲ. ಅವನು ಅವಳಿಗಾಗಿ ಮಾಡಿದ ಮೊದಲ ಕಷ್ಟದ ಕೆಲಸ ಅದು.

ಮೇಡಂ ಕೋಣೆಗೆ ಇಬ್ಬರೂ ಒಟ್ಟಿಗೆ ಹೋದರು. ಎಲ್ಲ ಅವನೇ ಹೇಳಿದ. ಪ್ರೀತಿಯ ವಿಷಯ ಬಿಟ್ಟು. ಅದನ್ನೂ ಮೇಡಂ ಕನ್ನಡಕದ ಮೇಲಿನಿಂದ ಓದಿಕೊಂಡರು ಅನ್ನಿಸುತ್ತದೆ.

“ಹೌದಾ,” ಎಂದರು. ಮುಂದಿನ ಪದ ಬರಲಿಲ್ಲ. “ಪತ್ರಿಕೆಗೆ ತಿದ್ದುಪಡಿ ಕಳಿಸಬೇಕು. ತಪ್ಪು ಯಾರದು ಅಂತ ಅದರಲ್ಲಿ ಇರುತ್ತೆ. ಇನ್ನು ಮುಂದೆ ನೀವು ಬಿಡಿಸಿದ ಪ್ರತಿ ಚಿತ್ರಾನೂ ಇನ್ನೊಬ್ಬರು ನೋಡಿದ ಮೇಲೇ ಹೊರಗೆ ಹೋಗೋದು. ನಿಮ್ಮ ಮೇಲಿನವರಿಗೆ ನಾನು ಬರೀತೀನಿ. ಒಪ್ಪಿಗೇನಾ?”

“ಒಪ್ಪಿಗೆ ಮೇಡಂ.”

“ನೀನು,” ಅವಳ ಕಡೆ ತಿರುಗಿದರು, “ನಾನೂ ಅನುಮಾನ ಪಟ್ಟೆ. ನಿನ್ನ ಕೈನ. ಅದು ನನ್ನ ತಪ್ಪು.” ಮೇಡಂ ಬಾಯಿಂದ ಅಂಥ ಮಾತು ಬಂದದ್ದನ್ನು ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. “ನಾಲ್ಕನೇ ಅಧ್ಯಾಯ ಇವತ್ತೇ ತಿರುಗಿ ಬರಿ. ಅಬ್‌ನಾರ್ಮಲ್ ಅಂತಾನೇ ಬರಿ. ಮೊದಲಿಗಿಂತ ಇದೇ ಒಳ್ಳೇ ಅಧ್ಯಾಯ.”

*

ಶುಕ್ರವಾರ ಸಂಜೆ ನಾಲ್ಕೂ ನಲವತ್ತಕ್ಕೆ ಆಡಳಿತ ಕಚೇರಿಯ ಗುಮಾಸ್ತರು ಅವಳ ಥೀಸಿಸ್‌ನ ದಪ್ಪ ಪುಸ್ತಕದ ಮೇಲೆ ಮೊಹರು ಒತ್ತಿದರು. ಅವಳು ಹೊರಗೆ ಬಂದಾಗ ಅವನು ಎದುರಿನ ಸೈಕಲ್ ಸ್ಟ್ಯಾಂಡಿನ ಕಂಬಿಗೆ ಒರಗಿ ನಿಂತಿದ್ದ. ನಿಲ್ಲಬಾರದಿತ್ತು. ಕಾಲು ಕೇಳಲಿಲ್ಲ.

ಅವಳು ಅವನನ್ನು ನೋಡಿದಳು. ಬೇರೆ ದಾರಿಯಲ್ಲಿ ಹೋಗಬಹುದಿತ್ತು, ಎರಡು ದಾರಿಗಳಿದ್ದವು. ನೇರ ಬಂದಳು.

“ಅಧ್ಯಾಯ ಓದಿದೀಯಾ? ಮೇಡಂ ನಿನಗೂ ಕಳಿಸಿದ್ರಲ್ಲ, ಅಂಕಿ ಸರಿ ನೋಡು ಅಂತ.”

“ಓದಿದೆ.”

“ಹೇಗಿದೆ?”

“ಹನ್ನೆರಡನೇ ಪುಟದವರೆಗೂ ಚೆನ್ನಾಗಿದೆ. ಆಮೇಲೆ ಅವಸರ ಆಗಿದೆ. ಕೊನೇ ಪ್ಯಾರಾ ಅರ್ಥ ಆಗಲ್ಲ.”

ಅವಳ ಹುಬ್ಬು ಮೇಲೇರಿತು. “ಕೊನೇ ಪ್ಯಾರಾ ನನಗೆ ತುಂಬ ಇಷ್ಟ.”

“ಇರಬಹುದು. ಅರ್ಥ ಆಗಲ್ಲ.”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ನಾನು ಈಗ ಹೇಗೆ ಕಾಣ್ತಿದ್ದೀನಿ? ನೋಡಿ ಹೇಳು.”

ನೋಡಿದ. ನೋಡುವುದಕ್ಕೆ ಅಪ್ಪಣೆ ಸಿಕ್ಕಿದ್ದು ಇದೇ ಮೊದಲು. “ಮೂಗು ಕೆಂಪಾಗಿದೆ. ಕಣ್ಣು ಊದಿದೆ. ತಲೆ ಬಾಚಿಲ್ಲ. ಗಲ್ಲದ ಮೇಲೆ ಇಂಕಿದೆ.”

“ಇನ್ನೂ?”

“ನನ್ನ ಮೇಲೆ ಸಿಟ್ಟಿದೆ.”

“ಎಷ್ಟಿದೆ?”

“ಬಹಳ. ಬೇಗ ಹೋಗೋದಲ್ಲ.”

“ಸರಿಯಾಗಿ ಓದ್ತಿದ್ದೀಯ,” ಎಂದಳು. “ಮುಂದೆ.”

“ಮುಂದೆ ಹೇಳೋದು ನನ್ನ ಆಸೆ ಆಗಿಬಿಡುತ್ತೆ. ಹೇಳಲ್ಲ.”

ಅವಳ ತುಟಿಯ ಒಂದು ಕೊನೆ ಅಲುಗಿತು. ಕೈ ಮುಂದೆ ಚಾಚಿ, ಅವನ ತೋಳಿನ ಹತ್ತಿರ ತಂದು, ಹಿಡಿಯದೆ ಅಲ್ಲೇ ನಿಲ್ಲಿಸಿದಳು. ತನ್ನ ಕೈಯನ್ನೇ ಒಂದು ಕ್ಷಣ ನೋಡಿಕೊಂಡಳು, ಕಳೆದುಹೋಗಿ ಸಿಕ್ಕಿದ್ದನ್ನು ನೋಡುವ ಹಾಗೆ. ಐದೂ ಬೆರಳು ನೆಟ್ಟಗಿದ್ದವು. ಅಲುಗುತ್ತಿರಲಿಲ್ಲ.

“ನಿನ್ನೆ ಹೇಳಿದೆಯಲ್ಲ, ನನ್ನ ಬೆನ್ನಿಗೆ,” ಎಂದಳು. “ಅದನ್ನ ಈಗ ಮುಖಕ್ಕೆ ಹೇಳು.”

“ನಿನ್ನನ್ನ ಪ್ರೀತಿಸ್ತೀನಿ.”

“ಎರರ್ ಎಷ್ಟು?”

“ಸೊನ್ನೆ.”

“ಸುಳ್ಳು. ಯಾವ ಅಳತೆಗೂ ಸೊನ್ನೆ ಎರರ್ ಇರಲ್ಲ. ಸರಿಯಾಗಿ ಹೇಳು.”

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ. ಸೈಕಲ್ ಸ್ಟ್ಯಾಂಡಿನಿಂದ ಯಾರೋ ಬೀಗ ತೆಗೆದು ಹೊರಟುಹೋದರು.

“ಭಯ ಇದೆ,” ಎಂದ ಕೊನೆಗೆ. “ಇನ್ನೊಂದು ಸಲ ನಿನ್ನ ಕಣ್ಣಲ್ಲಿ ನೀರು ಬರೋ ಹಾಗಿದ್ರೆ, ಆಗಲೂ ನಿಜ ಹೇಳೋ ಧೈರ್ಯ ಇರುತ್ತೋ ಇಲ್ವೋ ಅಂತ. ಇರುತ್ತೆ ಅಂದ್ಕೊಂಡಿದ್ದೀನಿ. ಗೊತ್ತಿಲ್ಲ. ಅಷ್ಟು ಎರರ್ ಇದೆ.”

ಅವಳು ಅವನ ತೋಳು ಹಿಡಿದಳು.

“ಇದನ್ನ ಅಚ್ಚು ಹಾಕಬಹುದು,” ಎಂದಳು.